ಮಾಮಾನ ಮೃತ್ಯುಪತ್ರಕ್ಕೆ ಸಾಕ್ಷಿ ಹಾಕಿದ ದಿನ

ನಮ್ಮ ಕಡೆ ಮೃತ್ಯುಪತ್ರದ ಮಾತು ತೆಗೆದರೆ ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಬರೆಸಿದರೆ ಸಾವನ್ನು ಕರೆದಂಗ ಅನ್ನೋ ನಂಬಿಕೆ. ಹಾಗಾಗಿ 2023ರ ದೀಪಾವಳಿ ಮುಗಿದ ಮೇಲೆ ಬೆಟಗೇರಿಯಿಂದ ಮಾಮಾ ಫೋನ್ ಮಾಡಿ, "ಒಂದಿನ ರಜಾ ಹಾಕಿ ಬಾರವಾ, ಮೃತ್ಯುಪತ್ರಕ್ಕ ಸಾಕ್ಷಿ ಬೇಕಾಗೇತಿ" ಅಂದಾಗ ನನಗಿಂತ ಮೊದಲು ಗಾಬರಿಯಾದವಳು ಅವ್ವ. ತಮ್ಮನಿಗೆ ಏನೋ ದೊಡ್ಡ ಜಡ್ಡು ಬಂದಿದೆ, ನಮ್ಮಿಂದ ಮುಚ್ಚಿಟ್ಟಿದ್ದಾರೆ ಅಂದುಕೊಂಡಳು. ಮಾಮಾ ಆರಾಮಾಗೇ ಇದ್ದ. ಅವನ ಚಿಂತೆ ಬೇರೆ ಇತ್ತು.

ಮಾಮಾ ಗದಗಿನ ಛಾಪಖಾನೆಯೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿ, ಕಾಲ ಬದಲಾದಂತೆ ಕಂಪ್ಯೂಟರ್ ಕಲಿತು ಡಿಟಿಪಿ ಮಾಡಿದವನು. ಗದಗ ಸುತ್ತಲಿನ ಎಷ್ಟು ಮನೆಗಳ ಲಗ್ನಪತ್ರಿಕೆ ಅವನ ಕೈಯಿಂದ ಹೋಗಿವೆಯೋ ಲೆಕ್ಕವಿಲ್ಲ. ಅವನ ಜೊತೆ ಮೂವತ್ತು ವರ್ಷದ ಮೇಲಾಯಿತು, ಒಂದೇ ಮನೆಯಲ್ಲಿ ಇರುವವರು ಮಾಸ್ತರರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಮೂಲ ಲಕ್ಷ್ಮೇಶ್ವರದ ಕಡೆ. ಮೊದಮೊದಲು ಓಣಿಯವರು "ಬಾಡಿಗೆ ಉಳಸಾಕ ಕೂಡಿ ಇರ್ತಾರ" ಅಂದರು, ಆಮೇಲೆ "ಭಾಳ ಹಳೇ ಗೆಳೆಯಾರು" ಅಂದರು, ಆಮೇಲೆ ಏನೂ ಅನ್ನುವುದನ್ನು ಬಿಟ್ಟರು. ನಮ್ಮ ಮನೆಯಲ್ಲೂ ಅದೇ. ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ, ಯಾರಿಗೂ ಗೊತ್ತಿಲ್ಲ ಅಂತಲೂ ಇಲ್ಲ.

ಪಂಚಮಿಗೆ ಅವ್ವನನ್ನು ತವರಿಗೆ ಕರೆಯಲು ಹುಬ್ಬಳ್ಳಿಗೆ ಬರುತ್ತಿದ್ದವರು ಮಾಸ್ತರರೇ. ಮಾಮಾನ ಛಾಪಖಾನೆಗೆ ಶ್ರಾವಣದಲ್ಲಿ ರಜೆ ಸಿಗುತ್ತಿರಲಿಲ್ಲ. ಒಂದು ಕೈಚೀಲದಲ್ಲಿ ಅಳ್ಳು, ಎಳ್ಳುಂಡಿ, ಅವ್ವನಿಗೆ ಬೆಟಗೇರಿ ಸೀರೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, "ಅಕ್ಕಾ, ನಡೀರಿ, ಮೂರು ಗಂಟೆ ಬಸ್ಸಿಗೆ ಹೋಗೂಣು" ಅನ್ನುತ್ತಿದ್ದರು. ಅಣ್ಣ-ತಮ್ಮಂದಿರು ಮಾಡಬೇಕಾದ ಕೆಲಸ ಅದು. ದೊಡ್ಡ ಮಾಮಾ ಊರಲ್ಲೇ ಹೊಲ-ಮನೆ ಅಂತ ಇದ್ದಾನೆ, ಒಂದು ಸಲವೂ ಕರೆಯಲು ಬಂದವನಲ್ಲ. ಚಿಕ್ಕವಳಿದ್ದಾಗ ನನಗೆ ಮಾಸ್ತರರು ಮಾಮಾನ ಮನೆಯ ಒಂದು ಭಾಗ ಅಷ್ಟೇ. ಕಾಲೇಜಿಗೆ ಬಂದ ಮೇಲೆ ತಿಳಿಯಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನಿಂದ ಇಂಥವರನ್ನು ಬಿಡುಗಡೆ ಮಾಡಿದ ದಿನ ಮಾಮಾ ತಾನಾಗೇ ಫೋನ್ ಮಾಡಿ, "ಇವತ್ತಿಂದ ನಾವು ಅಪರಾಧಿಗಳಲ್ಲ ನೋಡವಾ" ಅಂದ. ಅಲ್ಲಿಯವರೆಗೂ ಕಾನೂನಿನ ಲೆಕ್ಕದಲ್ಲಿ ಅವರಿಬ್ಬರೂ ಜೈಲಿಗೆ ಹೋಗಬೇಕಾದವರು. 2009ರಲ್ಲಿ ದೆಹಲಿ ಹೈಕೋರ್ಟ್ ಬಿಡಿಸಿತ್ತು, 2013ರಲ್ಲಿ ಸುಪ್ರೀಂ ಕೋರ್ಟೇ ಮತ್ತೆ ಕಟ್ಟಿಹಾಕಿತ್ತು. ಅಷ್ಟೂ ವರ್ಷ ಅವರು ಏನು ಅನುಭವಿಸಿದರೋ ನಮಗ್ಯಾರಿಗೂ ಹೇಳಿಲ್ಲ, ನಾವೂ ಕೇಳಿಲ್ಲ.

ಮೃತ್ಯುಪತ್ರದ ಯೋಚನೆ ಶುರುವಾದದ್ದು 2023ರ ಅಕ್ಟೋಬರ್ 17ರಂದು. ದಸರಾ ರಜೆ ಇತ್ತು, ನಾನು ಬೆಟಗೇರಿಯಲ್ಲೇ ಇದ್ದೆ. ಸಲಿಂಗಿಗಳ ಮದುವೆಯ ತೀರ್ಪು ಆ ಮಂಗಳವಾರ ಬರುವುದಿತ್ತು. ಏಪ್ರಿಲ್ 18ರಿಂದ ಮೇ 11ರವರೆಗೆ ವಿಚಾರಣೆ ನಡೆದಾಗಲೂ ಮಾಸ್ತರರು ಮೊಬೈಲಿನಲ್ಲಿ ನೇರಪ್ರಸಾರ ಹಚ್ಚಿಕೊಂಡೇ ಕೂತಿರುತ್ತಿದ್ದರಂತೆ. ಐವರು ನ್ಯಾಯಮೂರ್ತಿಗಳ ಪೀಠ. ಮೊದಲು ಓದಿದವರು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್. ಇದು ಶಹರದ ಶ್ರೀಮಂತರ ವಿಚಾರ ಅಂತ ಕೇಂದ್ರ ಸರ್ಕಾರ ವಾದಿಸಿತ್ತಲ್ಲ, ಅದಕ್ಕೆ ಉತ್ತರವಾಗಿ ಅವರು, ಇಂಗ್ಲಿಷ್ ಮಾತಾಡುವ ಆಫೀಸಿನ ಗಂಡಸಷ್ಟೇ ಅಲ್ಲ, ಹಳ್ಳಿಯಲ್ಲಿ ಹೊಲದ ಕೆಲಸ ಮಾಡುವ ಹೆಣ್ಣುಮಗಳೂ ಹೀಗಿರಬಹುದು ಎಂಬರ್ಥದ ಮಾತು ಹೇಳಿದರು. ನಾನು ಅದನ್ನು ಹೇಳಿದಾಗ ಮಾಸ್ತರರು ದಸರೆಗೆ ಹಾಕಿದ ಘಟ್ಟಕ್ಕೆ ನೀರು ಚಿಮುಕಿಸುತ್ತಿದ್ದರು. ತಂಬಿಗೆ ಕೆಳಗಿಟ್ಟು ಬಂದು ಮಾಮಾನ ಪಕ್ಕ ಕೂತರು. ಜೊತೆಗೆ ಬಾಳುವ ಇಬ್ಬರಿಗೆ ಸರ್ಕಾರ ಮಾನ್ಯತೆ ಕೊಡಬೇಕು ಅಂತ ಮುಖ್ಯ ನ್ಯಾಯಮೂರ್ತಿಗಳು ಓದುತ್ತಾ ಹೋದಂತೆ ನಮಗೆಲ್ಲ ಗೆದ್ದೇ ಬಿಟ್ಟೆವು ಅನ್ನಿಸಿತ್ತು. ನ್ಯಾಯಮೂರ್ತಿ ಕೌಲ್ ಕೂಡ ಅದನ್ನೇ ಒಪ್ಪಿದರು.

ಆಮೇಲೆ ನ್ಯಾಯಮೂರ್ತಿ ರವೀಂದ್ರ ಭಟ್ ಓದತೊಡಗಿದರು. ಆ ವರ್ಷ ಮಳೆ ಕೈಕೊಟ್ಟು ಕರೆಂಟಿನ ಅಭಾವ ಇತ್ತು, ಅಷ್ಟೊತ್ತಿಗೆ ಕರೆಂಟ್ ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ದಿನವಿಡೀ ಆ ಖಟಖಟ ಸಪ್ಪಳದಲ್ಲೇ ಬದುಕುವ ಮನೆಯಲ್ಲಿ ಫೋನಿನ ಒಂದೊಂದು ಶಬ್ದವೂ ಬಿಡಿಬಿಡಿಯಾಗಿ ಕೇಳಿಸಿತು. ಮದುವೆಯಾಗುವುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಅನ್ನುವುದರಲ್ಲಿ ಐವರೂ ಒಂದೇ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಇವರನ್ನು ಸೇರಿಸಿ ಓದುವುದಕ್ಕೆ ಐವರೂ ಒಪ್ಪಲಿಲ್ಲ, ಅದು ಸಂಸತ್ತಿನ ಕೆಲಸ ಅಂದರು. ಮದುವೆ ಅನ್ನದೆ ಬರೀ ಜೊತೆಬಾಳ್ವೆಗಾದರೂ ಮಾನ್ಯತೆ ಕೊಡಿ ಅನ್ನುವುದು ಮೂರಕ್ಕೆ ಎರಡರಲ್ಲಿ ಸೋತಿತು. ಭಟ್, ಕೊಹ್ಲಿ, ನರಸಿಂಹ ಒಂದು ಕಡೆ. ಚಂದ್ರಚೂಡ್, ಕೌಲ್ ಇನ್ನೊಂದು ಕಡೆ. ಇವರ ತೊಂದರೆಗಳನ್ನು ನೋಡಲು ಸಂಪುಟ ಕಾರ್ಯದರ್ಶಿಯ ಅಡಿಯಲ್ಲಿ ಒಂದು ಸಮಿತಿ ಆಗಲಿ ಎಂಬುದಷ್ಟೇ ಉಳಿಯಿತು. ಮಾಸ್ತರರು ಎದ್ದು ಅನ್ನಕ್ಕಿಡಲು ಹೋದರು. ಮಾಮಾ ಸಂಜೆಯ ತನಕ ಮಾತಾಡಲಿಲ್ಲ. ಸಂಜೆ ಕೇಳಿದ, "ನಾ ಸತ್ರ ಈ ಮನಿ ಯಾರದಾಗತೈತಿ?"

ಗದಗಿನ ವಕೀಲರ ಹತ್ತಿರ ಹೋಗಿ ಕೇಳಿದ್ದಕ್ಕೆ ಸಿಕ್ಕ ಉತ್ತರ ನನ್ನನ್ನು ಇವತ್ತಿಗೂ ಸುಡುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಮೃತ್ಯುಪತ್ರ ಇಲ್ಲದೆ ಸತ್ತ ಗಂಡಸಿನ ಆಸ್ತಿ ಮೊದಲು ಹೆಂಡತಿ, ಮಕ್ಕಳು, ತಾಯಿಗೆ. ಇವರ್ಯಾರೂ ಇಲ್ಲ, ತಂದೆಯೂ ಇಲ್ಲ ಅಂದರೆ ಅಣ್ಣ-ತಮ್ಮ, ಅಕ್ಕ-ತಂಗಿಯರಿಗೆ. ಅಂದರೆ ಬೆಟಗೇರಿಯ ಆ ಮನೆ ದೊಡ್ಡ ಮಾಮಾನಿಗೆ ಮತ್ತು ನನ್ನ ಅವ್ವನಿಗೆ. ಪಂಚಮಿಗೊಮ್ಮೆ ಹೋಗಿ ಎರಡು ದಿನ ಇದ್ದು ಬರುವ ನನ್ನ ಅವ್ವ ವಾರಸುದಾರಳು. ಆ ಮನೆಯ ಮೇಲಂತಸ್ತಿನ ಸ್ಲ್ಯಾಬಿಗೆ ಪಿಎಫ್ ಸಾಲ ತೆಗೆದು ಹಾಕಿದ, ಪ್ರತಿ ಬೇಸಿಗೆ ಹಿತ್ತಲ ಗೋಡೆಗೆ ಸುಣ್ಣ ಹೊಡೆದ, ಮಾಮಾನಿಗೆ ಡೆಂಗ್ಯೂ ಬಂದಾಗ ರಾತ್ರಿಯಿಡೀ ಹಣೆ ಮೇಲೆ ಒದ್ದೆ ಅರಿವೆ ಹಾಕಿದ ಮಾಸ್ತರರು ಯಾರೂ ಅಲ್ಲ. ಖಾತೆಯಲ್ಲಿ ಅವರ ಹೆಸರಿಲ್ಲ. ಮಾಮಾ ಕಣ್ಣು ಮುಚ್ಚಿದ ಮರುದಿನ ಅವರನ್ನು ಹೊರಗೆ ಹಾಕುವ ಹಕ್ಕು ನಮ್ಮ ಮನೆಯವರಿಗಿದೆ.

"ನನಗ ಆ ಮನಿ ಬ್ಯಾಡ, ಬರಕೊಡ್ತೀನಿ ಬೇಕಾದ್ರ" ಅಂದಳು ಅವ್ವ. ದೊಡ್ಡ ಮಾಮಾನಿಂದಲೂ ಒಂದು ಸಹಿ ಸಿಕ್ಕರೆ ಮುಂದೆ ತಕರಾರು ಇರುವುದಿಲ್ಲ ಅಂತ ವಕೀಲರು ಹೇಳಿದ್ದರು. ಅವ್ವ, ನಾನು ಇಬ್ಬರೂ ಊರಿಗೆ ಹೋದೆವು. ದೊಡ್ಡ ಮಾಮಾ ಕೆಟ್ಟವನಲ್ಲ. ಬೈಯಲಿಲ್ಲ, ಮಾಸ್ತರರ ಬಗ್ಗೆ ಹಗುರವಾಗಿ ಒಂದು ಮಾತೂ ಆಡಲಿಲ್ಲ. ಅವನು ಹೇಳಿದ್ದಿಷ್ಟೇ: "ಅವರಷ್ಟಕ್ಕ ಅವರು ಅದಾರ. ನಾವೇನರೆ ಅಂದೇವೇನು? ಮತ್ತ್ಯಾಕ ಬೇಕು ಕಾಯ್ದೆ, ಕಾಗದಪತ್ರ? ಸಹಿ ಮಾಡಿದ್ರ ನಾಳೆ ನನ್ನ ಮಕ್ಕಳು ಕೇಳ್ತಾರ, ಯಾರಿಗಂತ ಬರಕೊಟ್ಟಿ ಅಂತ. ಏನ್ ಹೇಳ್ಲಿ?"

ಈ ಮಾತನ್ನು ನಾನು ಆಮೇಲೆ ಸ್ಟಾಫ್ ರೂಮಿನಲ್ಲಿ, ಮದುವೆ ಮನೆಗಳಲ್ಲಿ, ಓದಿದವರ ಬಾಯಲ್ಲೂ ಕೇಳಿದ್ದೇನೆ. ನಿಮ್ಮನ್ನು ಯಾರು ತಡೆದಿದ್ದಾರೆ, ಸುಮ್ಮನೆ ಇದ್ದುಬಿಡಿ, ಮದುವೆ ಅಂತ ಯಾಕೆ ಕೇಳುತ್ತೀರಿ. ಈ ದೇಶದಲ್ಲಿ ನಡೆದ ವಾದದಲ್ಲಿ ಧರ್ಮ, ಸಂಸ್ಕೃತಿ, ಸಂತಾನ ಎಲ್ಲ ಬಂದವು. ಸಂತಾನದ ಮಾತಿಗೆ ನನ್ನ ಉತ್ತರ ಒಂದೇ: ಅರವತ್ತು ದಾಟಿದ ವಿಧುರ, ವಿಧವೆ ಇಬ್ಬರು ಮದುವೆಯಾಗಲು ಹೋದರೆ ಯಾವ ಅಧಿಕಾರಿಯೂ ಮಕ್ಕಳ ಮಾತು ಕೇಳುವುದಿಲ್ಲ. ಆದರೆ ದೊಡ್ಡ ಮಾಮಾನ ಮಾತು ಅದಕ್ಕಿಂತ ಗಟ್ಟಿ, ಯಾಕಂದರೆ ಅದರಲ್ಲಿ ದ್ವೇಷವಿಲ್ಲ. ಅಡಚಣೆ ಇರುವುದೂ ಅಲ್ಲೇ. ಮೂವತ್ತು ವರ್ಷ ಯಾರೂ ಏನೂ ಅನ್ನದೆ ಇದ್ದದ್ದು ನಿಜ. ಆದರೆ ಅದು ನಮ್ಮ ಮನಸ್ಸಿನ ಮೇಲೆ ನಿಂತದ್ದು. ನಾಳೆ ದೊಡ್ಡ ಮಾಮಾನ ಮಕ್ಕಳ ಮನಸ್ಸು ಬೇರೆ ಇರಬಹುದು, ಜಾಗದ ರೇಟು ಬೇರೆ ಇರಬಹುದು. ಗಂಡ-ಹೆಂಡತಿಯನ್ನು ಯಾರೂ ಊರವರ ಒಳ್ಳೆಯತನದ ಮೇಲೆ ಬಿಟ್ಟಿಲ್ಲ.

ನೋಂದಣಿಯ ದಿನ ವಕೀಲರು ಕರಡು ತಂದಿದ್ದರು. ಮಾಮಾ ಕನ್ನಡಕ ಏರಿಸಿ, ಜೇಬಿನಿಂದ ಪೆನ್ಸಿಲ್ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದಿದ. ಬಿಟ್ಟುಹೋದ ಒತ್ತಕ್ಷರ, ತಪ್ಪಿದ ದೀರ್ಘ, ಎರಡು ಸಲ ಬಿದ್ದ ಒಂದು ಪದ, ಎಲ್ಲಕ್ಕೂ ಅಂಚಿನಲ್ಲಿ ಗುರುತು ಹಾಕಿದ. ಚಕಬಂದಿಯಲ್ಲಿ ಪೂರ್ವ-ಪಶ್ಚಿಮ ಅದಲುಬದಲಾಗಿದ್ದನ್ನು ಅವನೇ ಹಿಡಿದ. ವಕೀಲರ ಹುಡುಗ ಮತ್ತೆ ಪ್ರಿಂಟ್ ತೆಗೆಸಿಕೊಂಡು ಬಂದ. ಬುದ್ಧಿ ಸ್ವಸ್ಥವಿದೆ ಅಂತ ಡಾಕ್ಟರ ಸರ್ಟಿಫಿಕೇಟು, ಆಧಾರ್, ಮನೆ ಉತಾರ, ಕರ ತುಂಬಿದ ಪಾವತಿ. ಮೃತ್ಯುಪತ್ರಕ್ಕೆ ಸ್ಟಾಂಪ್ ಡ್ಯೂಟಿ ಇಲ್ಲ, ನೋಂದಣಿ ಕಡ್ಡಾಯವೂ ಅಲ್ಲ. ಆದರೂ ಇಂಥ ಪ್ರಕರಣದಲ್ಲಿ ಮಾಡಿಸಿಯೇ ಬಿಡಿ ಅಂದಿದ್ದರು ವಕೀಲರು. ಇನ್ನೊಂದು ಮಾತೂ ಹೇಳಿದ್ದರು: ಆಸ್ತಿ ಪಡೆಯುವವರು ಒಳಗೆ ಬರಬಾರದು, ಒತ್ತಾಯದಿಂದ ಬರೆಸಿಕೊಂಡರು ಅಂತ ನಾಳೆ ಯಾರೂ ಅನ್ನಬಾರದು. ಹಾಗಾಗಿ ಮಾಸ್ತರರು ಹೊರಗೆ ಪತ್ರ ಬರಹಗಾರರ ಮೇಜುಗಳ ಹತ್ತಿರ, ಬುತ್ತಿ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಎರಡನೇ ಸಾಕ್ಷಿಯಾಗಿ ಬಂದವರು ಪಕ್ಕದ ಮನೆಯ ಮಗ್ಗದ ಕಾಕಾ. ಒಂದು ದಿನದ ನೇಯ್ಗೆ ಬಿಟ್ಟು ಬಂದಿದ್ದರು. "ನಿಮಗ ಅಡ್ಡಿಯಿಲ್ಲಲ್ರಿ?" ಅಂತ ನಾನು ಕೇಳಿದ್ದಕ್ಕೆ, "ಅಡ್ಡಿ ಎಂಥಾದ್ದವಾ, ದಿನಾ ನೋಡಿದ್ದಕ್ಕ ಸಹಿ ಮಾಡೂದು" ಅಂದರು.

ಒಳಗಿನ ಅಧಿಕಾರಿ ಸಭ್ಯರಿದ್ದರು. ಸ್ವಂತ ಇಚ್ಛೆಯಿಂದ ಬರೆಸಿದ್ದೀರಾ ಅಂತ ಕೇಳಿದರು. ಹೆಂಡತಿ, ಮಕ್ಕಳು? ಇಲ್ಲ ಅಂದ ಮಾಮಾ.

"ಮತ್ತ ಇವರು ನಿಮಗೇನಾಗಬೇಕು?"

"ನಮ್ಮ ಮನಿಯವ್ರರಿ."

ಅಧಿಕಾರಿ ಒಮ್ಮೆ ತಲೆಯೆತ್ತಿ ನೋಡಿ, ಕ್ಯಾಮೆರಾ ಕಡೆ ನೋಡಿರಿ ಅಂದರು. ಹೆಬ್ಬೆಟ್ಟು ಸ್ಕ್ಯಾನರಿನಲ್ಲಿ ಮಾಮಾನ ಬೆರಳು ಮೂಡಲೇ ಇಲ್ಲ. ವರ್ಷಗಟ್ಟಲೆ ಸೀಸದ ಮೊಳೆ ಹಿಡಿದು ಗೆರೆ ಸವೆದು ಹೋಗಿದ್ದವು. ಒದ್ದೆ ಅರಿವೆಯಿಂದ ಒರೆಸಿ ಒರೆಸಿ, ಕೊನೆಗೊಮ್ಮೆ ತೆಗೆದುಕೊಂಡಿತು. ನಾನು ಸಹಿ ಹಾಕಿದೆ, ಕಾಕಾ ಹಾಕಿದರು. ಹೊರಗೆ ಬಂದಾಗ ಮಾಸ್ತರರು ಏನನ್ನೂ ಕೇಳಲಿಲ್ಲ. "ಹಸದಿರಬೇಕು, ಮೊದಲ ಉಣ್ರಿ" ಅಂತ ಅಲ್ಲೇ ಬುತ್ತಿ ಬಿಚ್ಚಿದರು. ಕಾಕಾ ಎಷ್ಟು ಬೇಡವೆಂದರೂ ಅವರ ಕೈಗೂ ಎರಡು ರೊಟ್ಟಿ ಇಟ್ಟರು.

ವಿಶೇಷ ವಿವಾಹ ಕಾಯ್ದೆಯಲ್ಲಿ ಒಬ್ಬ ಗಂಡು, ಒಬ್ಬ ಹೆಣ್ಣು ಮೂವತ್ತು ದಿನದ ನೋಟಿಸು ಕೊಟ್ಟು, ಮೂವರು ಸಾಕ್ಷಿಗಳ ಮುಂದೆ ಸಹಿ ಮಾಡಿದರೆ ಮುಗಿಯಿತು. ಮನೆ, ವಾರಸು, ಪೆನ್ಶನ್, ಆಸ್ಪತ್ರೆಯಲ್ಲಿ ಮಾತಾಡುವ ಅಧಿಕಾರ, ಹೆಣಕ್ಕೆ ಬೆಂಕಿ ಇಡುವ ಅಧಿಕಾರ ಎಲ್ಲವೂ ಅದರ ಬೆನ್ನಿಗೇ ಬರುತ್ತದೆ. ಇವರಿಬ್ಬರು ಒಂದೊಂದಕ್ಕೂ ಒಂದೊಂದು ಕಾಗದ ಮಾಡಿಸಬೇಕು, ಆ ಕಾಗದವನ್ನೂ ಯಾರಾದರೂ ಕೋರ್ಟಿನಲ್ಲಿ ಎಳೆಯಬಹುದು. ಎಷ್ಟು ಕಾಗದ ಮಾಡಿಸಿದರೂ ಸಿಗದೇ ಇರುವುದು ಒಂದಿದೆ. ಮಾಸ್ತರರ ಪೆನ್ಶನ್. ಕುಟುಂಬ ಪಿಂಚಣಿ ಹೆಂಡತಿಗೆ ಅಥವಾ ಗಂಡನಿಗೆ, ಅವರಿಲ್ಲದಿದ್ದರೆ ನಿಯಮದಲ್ಲಿ ಹೇಳಿದ ರಕ್ತಸಂಬಂಧಿಗಳಿಗೆ. ಅದನ್ನು ಮೃತ್ಯುಪತ್ರದಲ್ಲಿ ಬರೆಯಲು ಬರುವುದಿಲ್ಲ. ಛಾಪಖಾನೆಯಲ್ಲಿ ದುಡಿದ ಮಾಮಾನಿಗೆ ಪೆನ್ಶನ್ ಇಲ್ಲ. ಮನೆ ನಡೆಯುವುದು ಮಾಸ್ತರರದರಲ್ಲಿ. ನಾಳೆ ಮಾಸ್ತರರೇ ಮೊದಲು ಹೋದರೆ ಮಾಮಾ ಉಣ್ಣುವುದೇನು ಅಂತ ಯಾವ ನ್ಯಾಯಪೀಠವೂ ಉತ್ತರ ಕೊಡಲಿಲ್ಲ. ಸಂಸತ್ತು ಕೊಡಬೇಕು, ಕೊಟ್ಟಿಲ್ಲ.

2024ರಲ್ಲಿ ಆ ಸಮಿತಿ ಆಯಿತು. ಆಗಸ್ಟಿನಲ್ಲಿ ಕೇಂದ್ರ ಹಣಕಾಸು ಇಲಾಖೆ, ಇಂಥ ಇಬ್ಬರು ಜಂಟಿ ಖಾತೆ ತೆಗೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ ಸ್ಪಷ್ಟಪಡಿಸಿತು. ರೇಷನ್ ಕಾರ್ಡಿಗೆ ಒಂದೇ ಮನೆಯವರು ಅಂತ ಹಿಡಿಯಿರಿ ಅಂತ ರಾಜ್ಯಗಳಿಗೂ ಹೇಳಿದರು. ಅಡ್ಡಿ ಮೊದಲೂ ಇರಲಿಲ್ಲ ಅಂದರು ವಕೀಲರು. ಆದರೂ ಮಾಮಾ ಆ ಸುದ್ದಿಯ ಪ್ರಿಂಟ್ ತೆಗೆದುಕೊಂಡೇ ಬ್ಯಾಂಕಿಗೆ ಹೋಗಿ ಜಂಟಿ ಖಾತೆ ಮಾಡಿಸಿದ. 2025ರ ಜನವರಿ 9ರಂದು ತೀರ್ಪಿನ ಮರುಪರಿಶೀಲನೆಯ ಅರ್ಜಿಗಳೂ ವಜಾ ಆದವು. ಅದೇ ವರ್ಷ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು ಇಬ್ಬರು ಹೆಣ್ಣುಮಕ್ಕಳ ಪ್ರಕರಣದಲ್ಲಿ, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ ಅಂದಾಗ ಮಾಸ್ತರರು ನನಗೆ ಆ ಸುದ್ದಿಯ ಫೋಟೋ ಕಳಿಸಿದ್ದರು, ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ.

ಈಗ ಮಾಸ್ತರರ ಸರದಿ. ಇಷ್ಟು ದಿನ ಅವರ ತಾಯಿ ಇದ್ದರು, ಹಡೆದವ್ವ ಬದುಕಿರುವಾಗ ಮೃತ್ಯುಪತ್ರ ಬರೆಸಲು ಅವರ ಮನಸ್ಸು ಒಪ್ಪಿರಲಿಲ್ಲ. ಅಜ್ಜಿ ತೀರಿದ ಮೇಲೆ ತಮ್ಮಂದಿರು ಠೇವಣಿ ಎಷ್ಟಿದೆ ಅಂತ ವಿಚಾರಿಸತೊಡಗಿದ್ದಾರೆ. ವಕೀಲರು ಅದೇ, ಕಚೇರಿ ಅದೇ. ಸಾಕ್ಷಿಗೆ ನಾನು ಮತ್ತು ಕಾಕಾ ಅಂತ ಮಾಮಾ ಬರೆದುಕೊಂಡಿದ್ದ. ಅವ್ವ ಫೋನ್ ಕಸಿದುಕೊಂಡು, "ಅಕಿ ಸಾಲಿ ಬಿಟ್ಟು ಎಷ್ಟ್ ಸಲ ಬರ್ತಾಳ? ನನ್ನ ಹೆಸರ ಬರಿ. ಮಾಸ್ತರ್ರಿಗೆ ಹೇಳು, ಪಂಚಮಿಗೆ ಕರಿಯಾಕ ಬರೂಮುಂದ ಕಾಗದಾನೂ ತರಲಿ, ಓದಿಸಿ ಕೇಳತೀನಿ" ಅಂದಳು.