ನಾನು ಮುಚ್ಚಿದ ತೂತು

ಹೋದ ಮಳೆಗಾಲದಲ್ಲಿ ನಮ್ಮ ಅಂಗಡಿ ಶಟರ್‌ನ ಬೀಗ ಕೈಕೊಟ್ಟಿತು. ಬೆಳಗ್ಗೆ ಎಂಟೂವರೆ. ಝೆರಾಕ್ಸ್ ಮಾಡಿಸಲು ನಾಲ್ಕು ಹುಡುಗರು ಹಾಲ್ ಟಿಕೆಟ್ ಹಿಡಿದು ನಿಂತಿದ್ದಾರೆ, ನಾನು ಕುಕ್ಕರಗಾಲಿನಲ್ಲಿ ಕೂತು ಕೀ ತಿರುಗಿಸುತ್ತಿದ್ದೇನೆ, ಅದು ಅರ್ಧಕ್ಕೆ ಬಂದು ನಿಂತುಬಿಡುತ್ತದೆ, ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ. ಕೊಬ್ಬರಿ ಎಣ್ಣೆ ಬಿಟ್ಟೆ. ಪಕ್ಕದ ಅಂಗಡಿಯಿಂದ ಸುತ್ತಿಗೆ ತಂದು ಎರಡು ಏಟು ಹಾಕಿದೆ. ಕೊನೆಗೆ ಹಳೇಪೇಟೆ ಕಡೆ ಹೋಗಿ ಕೀ ರಿಪೇರಿ ಮಾಡುವ ಒಬ್ಬ ಹಿರಿಯರನ್ನು ಬೈಕ್ ಹಿಂದೆ ಕೂರಿಸಿಕೊಂಡು ಬಂದೆ.

ಅವರು ಬೀಗವನ್ನು ಹಿಡಿದು ಬಗ್ಗಿ ಅದರ ತಳ ನೋಡಿದರು. ಕೀ ಹಾಕುವ ಜಾಗದ ಪಕ್ಕ ಬೆರಳಿನಿಂದ ಸವರಿದರು.

"ಇದನ್ನ ಯಾರು ಮುಚ್ಚಿದ್ದು?"

"ನಾನೇ. ಧೂಳು ಹೋಗಬಾರದು ಅಂತ ಎಂ-ಸೀಲ್ ಮೆತ್ತಿದ್ದೆ."

"ಮತ್ತೆ ನೀರು ಎಲ್ಲಿಂದ ಹೋಗ್ಬೇಕು ಸ್ವಾಮಿ?"

ನನಗೆ ಉತ್ತರ ಹೊಳೆಯಲಿಲ್ಲ. ದಾವಣಗೆರೆಯ ಗಾಳಿ-ಧೂಳು ನೋಡಿದವರಿಗೆ ನನ್ನ ಬುದ್ಧಿ ಅರ್ಥವಾದೀತು, ಬೇಸಿಗೆಯಲ್ಲಿ ಕೌಂಟರ್ ಒರೆಸಿ ತಿರುಗುವಷ್ಟರಲ್ಲಿ ಮತ್ತೆ ಬೆರಳಲ್ಲಿ ಹೆಸರು ಬರೆಯಬಹುದು. ಆದರೆ ಆ ಪುಟಾಣಿ ತೂತು ಇರುವುದೇ ಮೇಲಿಂದ ಒಳಗಿಳಿದ ಮಳೆನೀರು ಕೆಳಗೆ ಸೋರಿ ಹೋಗಲಿ ಅಂತ. ಎಣ್ಣೆ ಬಿಡುವುದಕ್ಕೂ ಅದೇ ದಾರಿ. ನಾನು ಅದನ್ನು ಮುಚ್ಚಿ ಬೀಗವನ್ನು ನೀರಿನ ಲೋಟ ಮಾಡಿದ್ದೆ. ಅವರು ಬೀಗ ಕೊಯ್ದು ತೆಗೆದು ನನ್ನ ಕೈಗೆ ಕೊಟ್ಟಾಗ ಒಳಗಿಂದ ಟೀ ಡಿಕಾಕ್ಷನ್ ಥರ ಕಂದು ನೀರು ಅಂಗೈಗೆ ಇಳಿಯಿತು. ಬೀಗ ಹೋಯಿತು, ಇನ್ನೂರು ರೂಪಾಯಿ ಕೂಲಿ, ಹುಡುಗರು ಬೇರೆ ಅಂಗಡಿಗೆ ಹೋದರು.

ಅವತ್ತಿನಿಂದ ನನಗೆ ತೂತಿನ ಹುಚ್ಚು ಹಿಡಿದಿದೆ. ಯಾವ ಸಾಮಾನು ಕೈಗೆ ಬಂದರೂ ಮೊದಲು ತಿರುಗಿಸಿ ತೂತು ಹುಡುಕುತ್ತೇನೆ.

ನಮ್ಮ ಅಂಗಡಿಯಲ್ಲೇ ದಿನಾ ಮಾರುವ ಪೆನ್ನು ನೋಡಿ. ಕ್ಯಾಪಿನ ತುದಿಯಲ್ಲಿ ತೂತು. ಒಮ್ಮೆ ಒಬ್ಬ ಯಜಮಾನರು ಹತ್ತು ರೂಪಾಯಿ ಪೆನ್ನು ವಾಪಸ್ ತಂದು "ಕ್ಯಾಪ್ ಒಡ್ಕು ಐತಿ, ಬೇರೆ ಕೊಡಪ್ಪಾ" ಅಂದಿದ್ದರು. ನಾನು ಪೆಟ್ಟಿಗೆಯಲ್ಲಿದ್ದ ಇಪ್ಪತ್ತು ಪೆನ್ನನ್ನೂ ತೆಗೆದು ನೋಡಿದೆ, ಎಲ್ಲದಕ್ಕೂ ತೂತು! ಇಂಕು ಒಣಗದಿರಲಿ ಅಂತ ಬಿಟ್ಟಿರ್ತಾರೆ ಅಂತ ಏನೋ ಒಂದು ಹೇಳಿ ಕಳಿಸಿದೆ. ಸುಮ್ನೆ ಸುಳ್ಳು. ಗಾಳಿ ಆಡಿದರೆ ಇಂಕು ಒಣಗುವುದು ಜಾಸ್ತಿ ಆಗಬೇಕು, ಕಮ್ಮಿ ಅಲ್ಲ, ಅಷ್ಟೂ ಯೋಚಿಸಿರಲಿಲ್ಲ. ನಿಜವಾದ ಕಾರಣ ಮಕ್ಕಳು. ಹೋಮ್‌ವರ್ಕ್ ಮಾಡುತ್ತಾ ಕ್ಯಾಪ್ ಕಚ್ಚದ ಮಗು ಯಾವುದಿದೆ ಹೇಳಿ? ಅದು ಜಾರಿ ಗಂಟಲಿಗೆ ಸಿಕ್ಕಿಕೊಂಡರೂ, ಆಸ್ಪತ್ರೆಗೆ ಒಯ್ಯುವ ತನಕ ಆ ತೂತಿನಿಂದ ಒಂದಿಷ್ಟು ಉಸಿರಾಡಲಿ ಅಂತ. ಇದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ, ಐಎಸ್ಒ 11540 ಅಂತ. ಗಂಟಲಿಗೆ ಇಳಿಯಲಾರದಷ್ಟು ದಪ್ಪ ಕ್ಯಾಪ್ ಆದರೆ ತೂತು ಬೇಕಿಲ್ಲ. ಈಗ ಯಾರಾದರೂ ಕ್ಯಾಪ್ ಒಡಕು ಅಂದರೆ ಐದು ನಿಮಿಷ ಪಾಠ ಮಾಡಿಯೇ ಕಳಿಸುವುದು, ಹಿಂದೆ ನಿಂತ ಗಿರಾಕಿಗೆ ಸಿಟ್ಟು ಬಂದರೂ ಸರಿ.

ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿಗೂ ಇದೇ ಕಥೆ. ಬೆನ್ನಿಗೋ ಕೂರುವ ಜಾಗಕ್ಕೋ ತೂತು ಇರುತ್ತದಲ್ವಾ, ನಾನು ಅದನ್ನು ಡಿಸೈನ್ ಅಂದುಕೊಂಡಿದ್ದೆ. ಶಾಮಿಯಾನದವರು ಒಂದರ ಮೇಲೊಂದು ಇಪ್ಪತ್ತು ಕುರ್ಚಿ ಪೇರಿಸುತ್ತಾರೆ. ತೂತಿಲ್ಲದಿದ್ದರೆ ನಡುವಿನ ಗಾಳಿ ಹೊರಗೆ ಹೋಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಎಳೆದರೆ ಮೂರು ಒಟ್ಟಿಗೆ ಬರುತ್ತವೆ. ಬಚ್ಚಲಿನ ಎರಡು ಬಕೆಟ್ ಒಂದರೊಳಗೊಂದು ಸಿಕ್ಕಿಕೊಂಡಾಗ ಗೋಡೆಗೆ ಕಾಲು ಕೊಟ್ಟು ಎಳೆದವರಿಗೆ ಇದು ಗೊತ್ತು. ಜೊತೆಗೆ ಬಯಲಲ್ಲಿಟ್ಟ ಕುರ್ಚಿಯಲ್ಲಿ ನೀರು ನಿಲ್ಲುವುದಿಲ್ಲ, ಪ್ಲಾಸ್ಟಿಕ್ಕೂ ಉಳಿಯುತ್ತದೆ. ಇಡೀ ಕುರ್ಚಿಯನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಈ ಬಗೆಯನ್ನು ಜಗತ್ತಿಗೆಲ್ಲ ಹಬ್ಬಿಸಿದ್ದು ಫ್ರಾನ್ಸಿನ ಹೆನ್ರಿ ಮಾಸೊನೆ, 1972ರಲ್ಲಿ. ಅಲ್ಲಿನ ತೋಟಕ್ಕೆ ಅಂತ ಮಾಡಿದ್ದು ನಮ್ಮ ಊಟದ ಪಂಕ್ತಿಗೆ ಬಂದು ಕೂತಿದೆ.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅಮ್ಮ ಆಗ ವಡೆ ತಟ್ಟುತ್ತಿದ್ದರು. ಒದ್ದೆ ಬಾಳೆಎಲೆ ಮೇಲೆ ಹಿಟ್ಟಿನ ಉಂಡೆ, ಬೆರಳಲ್ಲಿ ನಡುವೆ ಒಂದು ತೂತು, ಹಾಗೇ ಅಂಗೈಗೆ ಮಗುಚಿ ಎಣ್ಣೆಗೆ. ನನ್ನ ಭಾಷಣ ಮುಗಿದ ಮೇಲೆ "ಇದಕ್ಕೆ ಫ್ರಾನ್ಸಿಗೆ ಹೋಗ್ಬೇಕಾ? ತೂತು ಮಾಡ್ಲಿಲ್ಲ ಅಂದ್ರೆ ನಡುವೆ ಹಸಿ ಉಳಿತತಿ" ಅಂದರು. ಅಷ್ಟೇ. ನಿಪ್ಪಟ್ಟಿಗೆ ಫೋರ್ಕಿನಿಂದ ಚುಚ್ಚುವುದು ಯಾಕೆ ಅಂದೆ. ಪೂರಿ ಥರ ಉಬ್ಬಬಾರದಲ್ಲ, ಉಬ್ಬಿದರೆ ಗರಿಗರಿ ಆಗೋದಿಲ್ಲ. ಮಾರಿ ಬಿಸ್ಕತ್ತಿನ ತೂತೂ ಇದೇ ಕೆಲಸಕ್ಕೆ, ಒಲೆಯಲ್ಲಿ ಹಬೆ ಹೊರಗೆ ಹೋಗಿ ಬಿಸ್ಕತ್ತು ಚಪ್ಪಟೆ ಉಳಿಯಲಿ ಅಂತ. ಅಂದಹಾಗೆ ಆ ಮಾರಿ ಒಬ್ಬ ರಾಜಕುಮಾರಿಯ ಹೆಸರು. 1874ರಲ್ಲಿ ರಷ್ಯಾದ ಮಾರಿಯಾ ಅಲೆಕ್ಸಾಂಡ್ರೊವ್ನಾ ಇಂಗ್ಲೆಂಡಿನ ರಾಣಿಯ ಮಗನನ್ನು ಮದುವೆಯಾದಾಗ ಲಂಡನ್ನಿನ ಪೀಕ್ ಫ್ರೀನ್ಸ್ ಎಂಬ ಬೇಕರಿಯವರು ಅವಳ ಹೆಸರಲ್ಲಿ ಮಾಡಿದ ಬಿಸ್ಕತ್ತು ಅದು. ನಮ್ಮಲ್ಲಿ ಜ್ವರ ಬಂದವರಿಗೆ ಟೀಯಲ್ಲಿ ಅದ್ದಿ ಕೊಡುತ್ತೇವೆ.

ಬೆಣ್ಣೆ ದೋಸೆ ಬಗ್ಗೆ ಹೇಳದಿದ್ದರೆ ಊರಿನವರು ಬಿಡುವುದಿಲ್ಲ. ರಾತ್ರಿಯಿಡೀ ಹುದುಗಿದ ಹಿಟ್ಟಿನಲ್ಲಿ ಗಾಳಿಗುಳ್ಳೆ ತುಂಬಿರುತ್ತವೆ, ಕಾದ ಹಂಚಿಗೆ ಬಿದ್ದ ಕೂಡಲೇ ಅವು ಹಬೆ ಜೊತೆ ಒಡೆದು ಮೇಲೆ ಬರುತ್ತವೆ. ಆ ತೂತುಗಳಲ್ಲೇ ಬೆಣ್ಣೆ ಇಳಿಯುವುದು. ಎಲ್ಲರ ಮನೆ ದೋಸೆಯೂ ತೂತೇ ಅಂತ ಗಾದೆ ಮಾಡಿದವರು ದೋಸೆಗೆ ಅನ್ಯಾಯ ಮಾಡಿದ್ದಾರೆ ಅಂತ ನನ್ನ ಅಭಿಪ್ರಾಯ. ತೂತಿಲ್ಲದ ದೋಸೆ ದೋಸೆಯೇ ಅಲ್ಲ, ಚಪಾತಿ.

ನನಗೆ ಜಾಸ್ತಿ ಇಷ್ಟವಾದದ್ದು ಮಾತ್ರ ಕುಕ್ಕರಿನದು. ಅಲ್ಲಿ ಎರಡು ತೂತು. ಒಂದರ ಮೇಲೆ ಸೀಟಿಯ ಭಾರ ಕೂತಿರುತ್ತದೆ, ಒಳಗಿನ ಒತ್ತಡ ಆ ಭಾರವನ್ನು ಎತ್ತುವಷ್ಟಾದಾಗ ಸೀಟಿ. ಆ ಒತ್ತಡದಲ್ಲಿ ನೀರು ನೂರು ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 120ರ ತನಕ ಬಿಸಿಯಾಗುತ್ತದೆ, ಅದಕ್ಕೇ ಬೇಳೆ ಬೇಗ ಬೇಯುವುದು. 1679ರಲ್ಲಿ ಫ್ರಾನ್ಸಿನ ಡೆನಿಸ್ ಪಾಪಿನ್ ಮಾಡಿದ ಮೊದಲ ಕುಕ್ಕರ್ ಗಟ್ಟಿ ಎಲುಬನ್ನೂ ಮೆತ್ತಗೆ ಮಾಡುತ್ತಿತ್ತು. ಪಾತ್ರೆ ಸಿಡಿಯದಿರಲಿ ಅಂತ ತೂತಿನ ಮೇಲೆ ಭಾರ ಇಡುವ ಉಪಾಯವೂ ಅವನದೇ.

ಎರಡನೆಯದು ಮುಚ್ಚಿಕೊಂಡೇ ಕೂತಿರುವ ತೂತು, ಸೇಫ್ಟಿ ವಾಲ್ವ್. ಬೇಗ ಕರಗುವ ಲೋಹವನ್ನು ಅದರೊಳಗೆ ತುಂಬಿರುತ್ತಾರೆ. ನೀರು ಆರಿಹೋದರೋ ಸೀಟಿ ಕಟ್ಟಿಕೊಂಡರೋ ಬಿಸಿ ಏರಿ ಅದು ಕರಗಿ ದಾರಿ ಬಿಡುತ್ತದೆ. ವರ್ಷಗಟ್ಟಲೆ ಏನೂ ಮಾಡದೆ ಕೂತು, ಒಂದೇ ಒಂದು ದಿನ ಕೆಲಸ ಮಾಡಿ ಸಾಯುವ ಸಾಮಾನು. ನಾನು ಕಾಲೇಜಿನಲ್ಲಿದ್ದಾಗ ಅಮ್ಮ ಆಲೂಗಡ್ಡೆ ಇಟ್ಟು ಸೀರಿಯಲ್ ನೋಡುತ್ತಾ ಕೂತು ನಮ್ಮನೆ ವಾಲ್ವ್ ಬುಸ್ ಅಂತ ಹೋಗಿತ್ತು. ಹೊಸದು ಯಾಕೆ ತರಬೇಕು, ಎಂ-ಸೀಲ್ ಹಾಕಿ ಮುಚ್ಚೋಣ ಅಂದಿದ್ದೆ. ಅಮ್ಮ ಕೇಳಲಿಲ್ಲ. ಪುಣ್ಯ.

ದಸರಾ ರಜೆಗೆ ಅಕ್ಕ ಮಗಳನ್ನು ಕರೆದುಕೊಂಡು ಬಂದಿದ್ದಳು. ಎಲ್ಲರೂ ಚಿತ್ರದುರ್ಗಕ್ಕೆ ಹೋದೆವು. ಬಾಗಿಲುಗಳು ನೇರ ಸಾಲಿನಲ್ಲಿಲ್ಲದೆ ದಾರಿ ಯಾಕೆ ಹಾವಿನ ಥರ ತಿರುಗುತ್ತದೆ, ಆನೆ ಓಡಿಬಂದು ಗುದ್ದಲು ಜಾಗ ಸಿಗಬಾರದು ಅಂತ, ಹೀಗೆಲ್ಲ ನಾನು ಹುರುಪಿನಿಂದ ಹೇಳುತ್ತಾ ಹೋದೆ. ಓಬವ್ವನ ಕಿಂಡಿ ಹತ್ತಿರ ಬಂದಾಗ ಅವಳು ಒಳಗೆ ನುಸುಳಿ, ಆ ಕಡೆಯಿಂದ ತಲೆ ಹಾಕಿ ಕೇಳಿದಳು.

"ಮಾಮಾ, ಇಷ್ಟು ದೊಡ್ಡ ಕೋಟೆ ಕಟ್ಟಿದೋರು ಇದೊಂದು ತೂತು ಯಾಕೆ ಮುಚ್ಚಲಿಲ್ಲ?"

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಅಕ್ಕ, "ಆಗಿನ್ನೂ ನಿಮ್ಮ ಮಾಮ ಹುಟ್ಟಿರ್ಲಿಲ್ಲ ಬಿಡು" ಅಂದಳು.