ಮಾಗಿ ಬಂದರೂ ಚಳಿ ಬರುತ್ತಿಲ್ಲ

2024ರ ಜನವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗ್‌ನ ಇಳಿಜಾರುಗಳು ಹಿಮವೇ ಇಲ್ಲದೆ ಕಂದುಗಟ್ಟಿ ನಿಂತಿದ್ದ ಚಿತ್ರಗಳನ್ನು ಕಂಡು ನನಗೆ ತೀರಾ ಸಂಕಟವಾಯಿತು. ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯನ್ನು ಅಲ್ಲಿನವರು ‘ಚಿಲ್ಲೈ ಕಲಾನ್’ ಎಂದು ಕರೆಯುತ್ತಾರೆ. ಆ ದಿನಗಳಲ್ಲಿ ಬೀಳುವ ಹಿಮವೇ ಬೇಸಿಗೆಯಲ್ಲಿ ಹಳ್ಳಕೊಳ್ಳಗಳಿಗೆ ನೀರಾಗಬೇಕು. 2025ರ ಫೆಬ್ರವರಿಯಲ್ಲಿಯೂ ಗುಲ್ಮಾರ್ಗ್‌ನಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಸಾಕಷ್ಟು ಹಿಮವಿಲ್ಲವೆಂದು ಮುಂದೂಡಿದರು.

ನಮ್ಮ ಚಿತ್ರದುರ್ಗದಲ್ಲಿ ಹಿಮ ಬೀಳುವುದಿಲ್ಲ. ಆದರೆ ನಮಗೂ ಒಂದು ಚಳಿಗಾಲವಿತ್ತು, ಅದೂ ಸವೆಯುತ್ತಿದೆ. ಹಿಮ ಬೀಳದಿದ್ದರೆ ಬೋಳು ಬೆಟ್ಟದ ಚಿತ್ರವಾದರೂ ಪತ್ರಿಕೆಯಲ್ಲಿ ಬರುತ್ತದೆ. ಬಯಲುಸೀಮೆಯಲ್ಲಿ ಇಬ್ಬನಿ ಬೀಳದಿದ್ದರೆ ಚಿತ್ರ ತೆಗೆಯಲು ಏನೂ ಇರುವುದಿಲ್ಲ. ಹೀಗೆ ಯಾರ ಕಣ್ಣಿಗೂ ಬೀಳದೆ ಆಗುತ್ತಿರುವ ನಷ್ಟವೇ ನನ್ನನ್ನು ಹೆಚ್ಚು ಕಾಡುತ್ತದೆ.

ತುರುವನೂರು ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿಗೆ ಬಿತ್ತುವ ಕಡಲೆಗೆ, ಬಿತ್ತಿದ ಮೇಲೆ ಮಳೆ ಹೆಚ್ಚಾಗಿ ಬೇಕಾಗುವುದಿಲ್ಲ. ಕರಿಮಣ್ಣು ಹಿಡಿದಿಟ್ಟುಕೊಂಡ ತೇವ ಮತ್ತು ಮಾಗಿಯ ತಂಪು ಇವೆರಡನ್ನೇ ನಂಬಿ ಅದು ಬೆಳೆಯುತ್ತದೆ. “ಮಳಿ ಕೈ ಕೊಟ್ರೂ ಚಳಿ ಬಿದ್ರೆ ಸಾಕು, ಕಡ್ಲೆ ಬರ್ತೈತಿ” ಎಂದು ನಮ್ಮಜ್ಜ ಹೇಳುತ್ತಿದ್ದುದು ಅನುಭವದ ಮಾತು. ಕಡಲೆ ಗಿಡದ ಎಲೆ, ಕಾಯಿಗಳ ಮೇಲಿನ ನವಿರು ರೋಮಗಳು ಹುಳಿ ರಸವನ್ನು ಒಸರುತ್ತವೆ. ಅದರಲ್ಲಿ ಮ್ಯಾಲಿಕ್ ಆಮ್ಲವಿರುತ್ತದೆ. ರಾತ್ರಿ ಬಿದ್ದ ಇಬ್ಬನಿಯಲ್ಲಿ ಆ ರಸ ಕರಗಿರುವಾಗ, ಬಿಸಿಲೇರುವ ಮುಂಚೆ ಒಗೆದ ಬಿಳಿ ಪಂಚೆಯನ್ನು ಗಿಡಗಳ ತುದಿಯ ಮೇಲೆ ಮೆಲ್ಲಗೆ ಎಳೆದುಕೊಂಡು ಸಾಲಿನುದ್ದಕ್ಕೂ ನಡೆದು, ತೊಯ್ದ ಬಟ್ಟೆಯನ್ನು ಪಾತ್ರೆಗೆ ಹಿಂಡಿ ಕಡಲೆ ಹುಳಿ ತೆಗೆಯುತ್ತಿದ್ದರು. ಅಜ್ಜಿ ಅದನ್ನು ಶೀಶೆಯಲ್ಲಿ ತುಂಬಿಟ್ಟು, ಹೊಟ್ಟೆ ನೋವು, ಅಜೀರ್ಣವೆಂದವರಿಗೆ ನೀರಿನಲ್ಲಿ ಒಂದಿಷ್ಟು ಬೆರೆಸಿ ಕುಡಿಸುತ್ತಿದ್ದರು. ಆ ಹೊಲದಲ್ಲಿ ಬರಿಗಾಲಲ್ಲಿ ನಡೆದರೆ ಕಾಲಿನ ಬಿರುಕುಗಳು ಚುರುಗುಟ್ಟುತ್ತಿದ್ದವು. ಈಗ ಹೊಲದ ಬದುವಿನಲ್ಲಿ ನಿಂತು ನೋಡಿದರೆ ಎಷ್ಟೋ ಮುಂಜಾನೆ ಎಲೆ ಒಣಗಿಯೇ ಇರುತ್ತದೆ; ಹಿಂಡಲು ಬಟ್ಟೆ ತೊಯ್ಯುವುದೇ ಇಲ್ಲ.

ಅವರೆಯದೂ ಇದೇ ಕಥೆ. ಇಬ್ಬನಿ ಕುಡಿದ ಕಾಯಿಗೆ ಇರುವ ಸೊಗಡು ಈಗ ಸಂತೆಯಲ್ಲಿ ಸಿಗುವ ಕಾಯಿಗೆ ಇಲ್ಲವೆಂದು ನಮ್ಮ ಮನೆಯ ಹೆಂಗಸರೆಲ್ಲ ಹೇಳುತ್ತಾರೆ, ನನಗೂ ಹಾಗೆಯೇ ಅನ್ನಿಸುತ್ತದೆ. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕರಿ ಕಂಬಳಿ ಹೊದ್ದು ರಾತ್ರಿಯೆಲ್ಲ ಜೋಳದ ಹೊಲ ಕಾಯುತ್ತಿದ್ದರು. ನಮ್ಮ ಮನೆಯಲ್ಲಿ ಈಗ ಆ ಕಂಬಳಿ ಹೊರಗೆ ಬರುವುದು ದೇವರ ಕಾರ್ಯಕ್ಕೆ ಗದ್ದುಗೆ ಹಾಕುವಾಗ ಮಾತ್ರ.

ನಮ್ಮ ಚಳಿ ಹುಟ್ಟುವುದು ಮುಖ್ಯವಾಗಿ ಶುಭ್ರ ಆಕಾಶದಿಂದ ಮತ್ತು ಒಣ ಗಾಳಿಯಿಂದ. ಹಗಲು ಕಾದ ನೆಲ ರಾತ್ರಿ ತನ್ನ ಶಾಖವನ್ನು ತಡೆಯಿಲ್ಲದೆ ಮೇಲಕ್ಕೆ ಬಿಟ್ಟರೆ ಬೆಳಗಿನ ಜಾವದ ಹೊತ್ತಿಗೆ ತಣ್ಣಗಾಗುತ್ತದೆ, ಆಗ ಗಾಳಿಯ ತೇವ ಎಲೆಯ ಮೇಲೆ ಹನಿಗಟ್ಟುತ್ತದೆ. ಮೋಡ ಕವಿದರೆ ಅದು ನೆಲಕ್ಕೆ ಕಂಬಳಿ ಹೊದಿಸಿದಂತೆ, ಶಾಖ ಹೊರಹೋಗುವುದಿಲ್ಲ. 2024ರ ನವೆಂಬರ್ ಕೊನೆಯಲ್ಲಿ ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತ ಕರ್ನಾಟಕದ ದಕ್ಷಿಣ ಭಾಗಕ್ಕೂ ಮೋಡ, ಮಳೆ ತಂದಿತು. ಅಂಥ ಮೋಡಗಳು ಬಂದು ಹೋಗುವುದು ಹಿಂದೆಯೂ ಇತ್ತು. ಆದರೆ ಇಂಗಾಲದ ಡೈಆಕ್ಸೈಡ್‌ನಂಥ ಅನಿಲಗಳು ಹೆಚ್ಚಿದ ವಾತಾವರಣ ಮೋಡವಿಲ್ಲದ ರಾತ್ರಿಯಲ್ಲೂ ಶಾಖವನ್ನು ತಡೆಹಿಡಿಯುತ್ತದೆ. 1901ರಿಂದ ಇಟ್ಟ ದಾಖಲೆಗಳಲ್ಲಿ ದೇಶದ ಅತಿ ಬಿಸಿಯ ವರ್ಷ 2024 ಎಂದು ಹವಾಮಾನ ಇಲಾಖೆಯೇ ಹೇಳಿದೆ.

ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಹೋಗುತ್ತದೆ ಎಂಬ ಮಾತು ನಮ್ಮಲ್ಲಿದೆ. ಈಗ ಸಂಕ್ರಾಂತಿ ಕಳೆಯುತ್ತಿದ್ದಂತೆ ಫ್ಯಾನ್ ತಿರುಗುತ್ತದೆ. 2023ರ ಫೆಬ್ರವರಿಯಲ್ಲಿ ದೇಶದ ಸರಾಸರಿ ಗರಿಷ್ಠ ತಾಪಮಾನ 1901ರ ನಂತರದ ಎಲ್ಲ ಫೆಬ್ರವರಿಗಳನ್ನೂ ಮೀರಿತ್ತು. ಹೂವು, ಕಾಯಿಯ ಹಂತದಲ್ಲಿ ಬಿಸಿಲು 35 ಡಿಗ್ರಿ ದಾಟಿದರೆ ಕಡಲೆಯ ಹೂವು ಉದುರುತ್ತದೆ, ಕಾಳು ಜೊಳ್ಳಾಗುತ್ತದೆ. ಹೀಗಾಗಿ ತಡವಾಗಿ ಬಿತ್ತಿದವರಿಗೆ ಪೆಟ್ಟು ಹೆಚ್ಚು.

ಮಳೆಗಾಲದಲ್ಲಿ ಯಾವ ಹೋಬಳಿಯಲ್ಲಿ ಎಷ್ಟು ಮಿಲಿಮೀಟರ್ ಮಳೆಯಾಯಿತೆಂದು ಸ್ಥಳೀಯ ಪತ್ರಿಕೆಗಳು ಅಚ್ಚುಕಟ್ಟಾಗಿ ಪ್ರಕಟಿಸುತ್ತವೆ. ಮಾಗಿಯ ಎರಡು ತಿಂಗಳು ಪ್ರತಿ ಹೋಬಳಿಯ ರಾತ್ರಿಯ ಕನಿಷ್ಠ ತಾಪಮಾನವನ್ನೂ ಅದೇ ಜಾಗದಲ್ಲಿ ಕೊಡಬೇಕೆಂಬುದು ನನ್ನ ಬಹಳ ದಿನದ ಆಸೆ. ತುರುವನೂರಿನ ಕಡಲೆ ಬೆಳೆಗಾರನಿಗೆ ಅದು ಮಳೆಯ ಲೆಕ್ಕದಷ್ಟೇ ಬೇಕಾದ ಲೆಕ್ಕ.