ಅಂಗಳದಲ್ಲಿ ಆರು ನಿಮಿಷ

2021ರ ಮೇ ತಿಂಗಳು. ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಅಪ್ಪನಿಗೆ ಜ್ವರ ಶುರುವಾಗಿ ಏಳನೇ ದಿನ. ಕೊರೊನಾ ಪರೀಕ್ಷೆಗೆ ಗಂಟಲ ದ್ರವ ಕೊಟ್ಟು ನಾಲ್ಕು ದಿನವಾದರೂ ರಿಪೋರ್ಟ್ ಬಂದಿರಲಿಲ್ಲ. ಅವತ್ತು ಬೆಳಿಗ್ಗೆ ಜ್ವರ ಬಿಟ್ಟಿತ್ತು. ಅಪ್ಪ ಜಗಲಿ ಮೇಲೆ ಕೂತು ಕಾಫಿ ಕುಡಿದರು, ಕೊಬ್ಬರಿ ರೇಟ್ ಎಷ್ಟಾಯ್ತು ಅಂತ ಕೇಳಿದರು. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಹತ್ತು ಗಂಟೆಗೆ ಆಶಾ ಅಕ್ಕ ಬಂದರು. ಹೊಸಿಲಾಚೆ ನಿಂತೇ, ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ತೋರಿಸುವ ಆಕ್ಸಿಮೀಟರ್ ಒರೆಸಿ ಅಪ್ಪನ ಬೆರಳಿಗೆ ಸಿಕ್ಕಿಸಿದರು. ನಂಬರೇ ಬರಲಿಲ್ಲ, ಬರೀ ಗೆರೆ.

"ಕೈ ತಣ್ಣಗಿದೆ ಯಜಮಾನ್ರೇ, ಉಜ್ಜಿಕೊಳ್ಳಿ."

ಉಜ್ಜಿದ ಮೇಲೆ 95 ಬಂತು. ಸದ್ಯ, ಅಂದುಕೊಂಡೆ. ಅಕ್ಕ ಬಿಡಲಿಲ್ಲ. "ಅಂಗಳದಲ್ಲಿ ಆರು ನಿಮಿಷ ನಡೀರಿ, ಆಮೇಲೆ ನೋಡೋಣ."

ಅಪ್ಪ ತುಳಸಿಕಟ್ಟೆ ಸುತ್ತ ನಡೆದರು. ಏದುಸಿರಿಲ್ಲ, ಸುಸ್ತಿಲ್ಲ. ಮತ್ತೆ ಬೆರಳಿಟ್ಟರೆ 92. ನೋಡ್ತಾ ನೋಡ್ತಾ 90, ಆಮೇಲೆ 89.

"ನಂಗೇನಾಗಿದೆ, ಚೆನ್ನಾಗೇ ಇದ್ದೀನಲ್ಲಮ್ಮ" ಅಂದರು ಅಪ್ಪ. ಅಕ್ಕ ಆಗಲೇ 108ಕ್ಕೆ ಫೋನ್ ಹಚ್ಚಿದ್ದರು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಬೆಡ್ ಸಿಕ್ಕಿದ್ದು ನಮ್ಮ ಪುಣ್ಯ. ಆ ದಿನಗಳಲ್ಲಿ ಎಷ್ಟೋ ಜನರಿಗೆ ಸಿಗಲಿಲ್ಲ. ಉಸಿರು ಕಟ್ಟದೆ ಆಕ್ಸಿಜನ್ ಹೇಗೆ ಇಳಿಯುತ್ತೆ ಅಂತ ಡಾಕ್ಟರನ್ನು ಕೇಳಿದೆ. ಉಸಿರುಗಟ್ಟಿದ ಹಾಗೆ ಅನಿಸೋದು ಹೆಚ್ಚಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾದಾಗ, ಈ ಕಾಯಿಲೆಯಲ್ಲಿ ಮೊದಮೊದಲು ಅದು ಸಲೀಸಾಗಿ ಹೊರಗೆ ಹೋಗುತ್ತಿರುತ್ತದೆ, ಹಾಗಾಗಿ ಮನುಷ್ಯನಿಗೆ ಗೊತ್ತೇ ಆಗೋದಿಲ್ಲ ಅಂದರು.

ನಾನು ಇನ್ನೊಂದು ವಿಷಯವನ್ನೂ ಹೇಳಿದೆ. ಮೂರನೇ ದಿನವೇ ಮೆಡಿಕಲ್ ಶಾಪಿನವರು "ಬೇಗ ವಾಸಿಯಾಗುತ್ತೆ" ಅಂತ ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಕೊಟ್ಟಿದ್ದರು. ಅಪ್ಪ ಎರಡು ದಿನ ನುಂಗಿದ್ದರು. ಡಾಕ್ಟರ ಮುಖ ಬಿಗಿಯಿತು. 2020ರಲ್ಲಿ ಬ್ರಿಟನ್ನಿನಲ್ಲಿ ನಡೆದ 'ರಿಕವರಿ' ಅನ್ನೋ ಪ್ರಯೋಗದಲ್ಲಿ ಇದೇ ಔಷಧದಿಂದ ವೆಂಟಿಲೇಟರ್ ಮೇಲಿದ್ದವರ ಸಾವು ಮೂರರಲ್ಲಿ ಒಂದು ಭಾಗ, ಆಕ್ಸಿಜನ್ ಮೇಲಿದ್ದವರ ಸಾವು ಐದರಲ್ಲಿ ಒಂದು ಭಾಗ ತಗ್ಗಿತ್ತಂತೆ. ಆಕ್ಸಿಜನ್ ಬೇಕಿಲ್ಲದವರಿಗೆ ಮಾತ್ರ ಲಾಭವೇ ಕಾಣಲಿಲ್ಲವಂತೆ. ಅಪ್ಪನಿಗೆ ಅದೇ ಔಷಧ ಈಗ ಬೇಕಾಗಿತ್ತು. ಅವತ್ತೇ ಶುರು ಮಾಡಿದರು. ಗೊತ್ತಿಲ್ಲದೆ ಕೊಟ್ಟ ಆ ಮಾತ್ರೆಗಳ ಬಗ್ಗೆ ನನಗೆ ಇವತ್ತಿಗೂ ಸಿಟ್ಟಿದೆ.

ರಾತ್ರಿ ನರ್ಸಮ್ಮ ದಿಂಬು ಇಟ್ಟು ಅಪ್ಪನನ್ನು ಬೋರಲು ಮಲಗಿಸಿದರು. ಬೆನ್ನಿನ ಕಡೆಯ ಶ್ವಾಸಕೋಶ ತೆರೆದುಕೊಳ್ಳಲಿ ಅಂತ. ಅರ್ಧ ಗಂಟೆಯಲ್ಲಿ 91 ಇದ್ದದ್ದು 94 ಆಯಿತು. ಕತ್ತು ನೋವು ಅಂತ ಅಪ್ಪ ಗೊಣಗುತ್ತಿದ್ದರು. ನಾನು ಬೆನ್ನು ನೀವುತ್ತಾ ಆ ಕೆಂಪು ಅಂಕಿಯನ್ನೇ ನೋಡುತ್ತಾ ಕೂತಿದ್ದೆ.

ಒಂಬತ್ತು ದಿನದ ಮೇಲೆ ಮನೆಗೆ ಬಂದೆವು. ಮಾರನೇ ದಿನ ಹತ್ತು ಗಂಟೆಗೆ ಆಶಾ ಅಕ್ಕ ಮತ್ತೆ ಹೊಸಿಲಾಚೆ ನಿಂತಿದ್ದರು. ಹಿಂದಿನ ವರ್ಷ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ರಾಜ್ಯದ ಆಶಾ ಕಾರ್ಯಕರ್ತೆಯರು ಮುಷ್ಕರ ಮಾಡಿದಾಗ ನಾನು ಆ ಸುದ್ದಿ ಓದಿ ಸುಮ್ನೆ ಪುಟ ತಿರುಗಿಸಿದ್ದೆ.

ಅಪ್ಪ ಕೇಳುವ ಮೊದಲೇ ಕೈ ಉಜ್ಜಿಕೊಂಡು ಬೆರಳು ಚಾಚಿದರು.